ಕಟ್ಟಿ ಕರಗುವ ಗಬ್ಬ: ಕುರಿದನಗಳ ಒಡೆಯರು ವಿಚಾರಮಾಡತಕ್ಕ ಒಂದು ಸಂಗತಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಮಳೆಯೊಂದನ್ನೇ ನಂಬಿ ಸಂಸಾರ ಸಾಗಿಸುವುದು ಕಷ್ಟವೆಂಬುದು ಎಲ್ಲರಿಗೂ ವಿದಿತವಾದ ವಿಷಯವೇ ಆಗಿದೆ. ವಾಣೀವಿಲಾಸಸಾಗರದ ನಾಲೆಯ ನೀರು ಹರಿಯುವ ಗ್ರಾಮಗಳನ್ನೂ, ಹೊಳಲ್ಕೆರೆ ಹೊಸದುರ್ಗಗಳ ಅಡಿಕೆ ತೆಂಗಿನ ತೋಟಗಳನ್ನೂ ಬಿಟ್ಟರೆ, ಮಿಕ್ಕ ಕಡೆಗಳಲ್ಲಿ ಬೆಳೆ ಕೈಕೊಟ್ಟ ವರ್ಷ ರೈತನ ಕೈಹಿಡಿಯತಕ್ಕದ್ದು ರೊಪ್ಪದ ಕುರಿಯೂ ಕೊಟ್ಟಿಗೆಯ ದನವೂ ಮಾತ್ರವೇ. ಕುರಿಯೊಂದು ಒಂದು ಸೂಲು ತಪ್ಪಿದರೆ ಮರಿಯ ಬೆಲೆ ಹೋಯಿತು. ಹಸುವೊಂದು ಒಂದು ವರ್ಷ ಈಯದೆ ನಿಂತರೆ ಹಾಲೂ ಇಲ್ಲ, ಕರುವೂ ಇಲ್ಲ, ಮೇವಿನ ಖರ್ಚು ಮಾತ್ರ ಲೆಕ್ಕಕ್ಕೆ ಬಂತು. ಹೀಗೆ ನಷ್ಟವಾಗುವುದಕ್ಕೆ ಕಾರಣಗಳು ಹಲವು ಇರುವುವು. ಅವುಗಳಲ್ಲಿ ಕಣ್ಣಿಗೆ ಕಾಣದ ಒಂದು ಕಾರಣವನ್ನು ಗ್ರಾಮದ ಮುಖಂಡರೂ ಭೂಮಾಲೀಕರೂ ತಿಳಿದುಕೊಳ್ಳುವುದು ಅವಶ್ಯವಾಗಿದೆ. ಏಕೆಂದರೆ, ಆ ಕಾರಣವನ್ನು ತಿಳಿಯದೆ ಹೋದುದರಿಂದ ಅನೇಕ ಒಳ್ಳೆಯ ಹಸುಗಳಿಗೆ ಗೊಡ್ಡು ಎಂಬ ಹೆಸರು ಬಂದು, ಅವು ಅರ್ಧ ಬೆಲೆಗೆ ಸಂತೆಯ ದಾರಿ ಹಿಡಿಯುತ್ತಿವೆ.

ಹಸುವಿಗೆ ಹೋರಿ ಕೊಡಿಸಿದ ಮೇಲೆ, ಅಥವಾ ಕೃತಕ ಗರ್ಭಧಾರಣೆ ಮಾಡಿಸಿದ ಮೇಲೆ, ಸುಮಾರು 21 ದಿವಸಗಳಿಗೆ ಅದು ತಿರುಗಿ ಬೆದೆಗೆ ಬಂದರೆ, ‘ಗಬ್ಬ ಕಟ್ಟಲಿಲ್ಲ’ ಎಂದು ಹೇಳುವುದು ರೂಢಿ. ಕುರಿಯಲ್ಲಿ ಈ ಅವಧಿ ಸುಮಾರು 17 ದಿವಸ. ಈ ಮಾತು ಬಹುಮಟ್ಟಿಗೆ ಸರಿಯಲ್ಲವೆಂದು ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಆರೋಗ್ಯವಾದ ಹಸುವಿಗೆ ಸಕಾಲದಲ್ಲಿ ಒಳ್ಳೆಯ ವೀರ್ಯ ದೊರೆತರೆ ನೂರಕ್ಕೆ 90ರ ಸುಮಾರಿನಲ್ಲಿ ಅಂಡವು ಫಲಿತವಾಗಿಯೇ ಆಗುತ್ತದೆ. ಆದರೆ ಆ ಒಂದು ಸಲದ ಕಟ್ಟಿನಿಂದ ಕರು ಹಾಕುವವರೆಗೆ ಉಳಿದು ಬರುವುವು ಅರ್ಧ, ಹೆಚ್ಚೆಂದರೆ ಅದಕ್ಕಿಂತ ಸ್ವಲ್ಪ ಮೇಲು. ಮಿಕ್ಕವುಗಳಲ್ಲಿ ಬಹುಭಾಗವು ಮೊದಲ ಎರಡು ಮೂರು ವಾರಗಳೊಳಗೇ ಸದ್ದಿಲ್ಲದೆ ಕರಗಿಹೋಗುತ್ತವೆ. ಕುರಿಗಳಲ್ಲಿಯೂ ಫಲಿತವಾದ ಅಂಡಗಳ ಪೈಕಿ ನೂರಕ್ಕೆ 20ರಿಂದ 30ರಷ್ಟು ಈಯುವುದಕ್ಕೆ ಮುಂಚೆ ನಷ್ಟವಾಗುವುದು ಸಾಮಾನ್ಯ. ಹಸುವಿನ ಶರೀರವು ತನ್ನ ಒಡಲಿನಲ್ಲಿ ಭ್ರೂಣವಿದೆಯೆಂದು ಗುರುತಿಸುವುದು 15ರಿಂದ 17ನೆಯ ದಿವಸದ ಸುಮಾರಿನಲ್ಲಿ. ಕುರಿಯಲ್ಲಿ ಇದು 12ನೆಯ, 13ನೆಯ ದಿವಸ. ಅದಕ್ಕಿಂತ ಮುಂಚೆ ಭ್ರೂಣವು ಸತ್ತರೆ ತಾಯಿಗೆ ಅದು ತಿಳಿಯುವುದೇ ಇಲ್ಲ. ಆಕೆಯು ತಪ್ಪದೆ ಹೊತ್ತಿಗೆ ಸರಿಯಾಗಿ ಬೆದೆಗೆ ಬರುತ್ತಾಳೆ. ರಕ್ತವಿಲ್ಲ, ಮಾಸವಿಲ್ಲ, ನೋವಿಲ್ಲ. ಆದುದರಿಂದ ಒಡೆಯನು ಗಬ್ಬ ಕಟ್ಟಲೇ ಇಲ್ಲವೆಂದು ತಿಳಿಯುವುದು ಸಹಜವಾದರೂ, ನಡೆದದ್ದು ಬೇರೆ. ಗಬ್ಬವು ಕಟ್ಟಿತು, ಕಟ್ಟಿ ಕರಗಿತು.

ಹೀಗೆ ಕರಗುವುದೇಕೆ ಎಂಬುದನ್ನು ತಿಳಿಯಬೇಕಾದರೆ ಜೀವಕೋಶದೊಳಗೆ ಒಂದು ಸಲ ಇಣಿಕಿ ನೋಡಬೇಕಾಗುತ್ತದೆ. ಪ್ರತಿಯೊಂದು ಪ್ರಾಣಿಯ ಪ್ರತಿಯೊಂದು ಜೀವಕೋಶದಲ್ಲಿಯೂ ಡಿ.ಎನ್.ಎ. ಎಂಬ ಬಹು ನೀಳವಾದ ಎಳೆಯಿರುತ್ತದೆ. ಅದರ ರಚನೆಯನ್ನು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಎಂಬ ವಿದ್ವಾಂಸರು ತೋರಿಸಿಕೊಟ್ಟರು. ಗ್ರಾಮದ ಜಮೀನಿನ ಹಕ್ಕುಬಾಧ್ಯತೆಗಳೆಲ್ಲ ಖಾತೆಯ ಪುಸ್ತಕದಲ್ಲಿ ಹೇಗೆ ಬರೆದಿರುತ್ತವೆಯೋ, ಹಾಗೆಯೇ ಪ್ರಾಣಿಯ ಬಣ್ಣ, ಕೊಂಬು, ಹಾಲು, ಉಣ್ಣೆ, ಅಂಗಾಂಗಗಳ ರಚನೆ ಎಲ್ಲವೂ ಈ ಎಳೆಯಲ್ಲಿ ಬರೆದಿರುತ್ತವೆ. ಕೋಶವು ಎರಡಾಗುವಾಗಲೆಲ್ಲ ಈ ಪುಸ್ತಕದ ಪೂರ್ತಿ ನಕಲು ಆಗಬೇಕು. ಮೂಲದಲ್ಲಿ ಹಾಳೆ ಹರಿದಿದ್ದರೆ ನಕಲೂ ಕೆಡುತ್ತದೆ. ಬಿಸಿಲಿನ ಝಳ, ಜ್ವರ, ಬೂಷ್ಟಿನ ವಿಷ, ಕ್ಷಕಿರಣ ಇವುಗಳಿಂದ ಈ ಎಳೆಗೆ ಪೆಟ್ಟು ಬೀಳುವುದುಂಟು. ಯಾವ ಕಾರಣವೂ ಇಲ್ಲದೆ ಕೋಶದ ನಿತ್ಯವ್ಯಾಪಾರದಿಂದಲೇ ಒಂದೊಂದು ಕೋಶದಲ್ಲಿ ದಿನವೊಂದಕ್ಕೆ ಸಾವಿರಾರು ಸಣ್ಣ ಪೆಟ್ಟುಗಳು ಬೀಳುತ್ತವೆ. ಇಂಥ ಪೆಟ್ಟುಗಳನ್ನು ಕೋಶವು ಹೇಗೆ ದುರಸ್ತು ಮಾಡಿಕೊಳ್ಳುತ್ತದೆಂಬುದನ್ನು ವಿವರಿಸಿದ್ದಕ್ಕಾಗಿ ಥಾಮಸ್ ಲಿಂಡಾಲ್, ಪಾಲ್ ಮಾಡ್ರಿಚ್, ಅಜೀಜ್ ಸಂಜಾರ್ ಎಂಬ ಮೂವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಬೆಳೆದ ಪ್ರಾಣಿಯ ಕೋಶದಲ್ಲಿ ಈ ದುರಸ್ತಿಗೆ ಒಂದು ಕ್ರಮವುಂಟು. ಹಾಳೆ ಹರಿದಿರುವುದು ಕಂಡೊಡನೆಯೇ ನಕಲು ಮಾಡುವ ಕೆಲಸವನ್ನು ನಿಲ್ಲಿಸಲಾಗುತ್ತದೆ. ದುರಸ್ತಿಯು ಮುಗಿದ ಮೇಲೆಯೇ ಕೆಲಸವು ಮುಂದುವರಿಯುತ್ತದೆ. ದುರಸ್ತಿಗೆ ಮೀರಿದ ಹಾನಿಯಾಗಿದ್ದರೆ ಆ ಕೋಶವು ತನ್ನನ್ನು ತಾನೇ ಕೊನೆಗಾಣಿಸಿಕೊಳ್ಳುತ್ತದೆ. ಹೀಗೆ ತಡೆದು ನಿಲ್ಲಿಸುವ ವ್ಯವಸ್ಥೆಯೊಂದು ಕೋಶದಲ್ಲಿ ಇದೆಯೆಂಬುದನ್ನು ಲೀಲ್ಯಾಂಡ್ ಹಾರ್ಟ್‌ವೆಲ್ ಎಂಬವರು ಹುದುಗಿನ ಕೋಶಗಳಲ್ಲಿ ತೋರಿಸಿದರು. ಅವರಿಗೂ 2001ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಊರಿನ ಲೆಕ್ಕಪತ್ರದಲ್ಲಿ ತಪ್ಪು ಕಂಡರೆ ಅದನ್ನು ತಿದ್ದುವವರೆಗೆ ಮುಂದಿನ ವಸೂಲಿಯನ್ನು ನಿಲ್ಲಿಸುವ ಯಜಮಾನನ ನಡವಳಿಕೆಯಂತೆ ಇದನ್ನು ಭಾವಿಸಬಹುದು.

ಆದರೆ ಆಗತಾನೇ ಫಲಿತವಾದ ಅಂಡದಲ್ಲಿ ಈ ಯಜಮಾನಿಕೆಯು ಇನ್ನೂ ಸ್ಥಾಪಿತವಾಗಿರುವುದಿಲ್ಲ. ಮುಖ್ಯವಾದ ಅಂಶವು ಇದೇ. ಭ್ರೂಣವು ತನ್ನ ಆರಂಭದ ದಿವಸಗಳಲ್ಲಿ ತನ್ನ ಸ್ವಂತ ಡಿ.ಎನ್.ಎ. ಪುಸ್ತಕವನ್ನು ಓದಿ ಕೆಲಸ ಮಾಡುವುದಿಲ್ಲ. ತಾಯಿಯು ಅಂಡದೊಳಗೆ ಕಟ್ಟಿಕೊಟ್ಟ ಬುತ್ತಿಯನ್ನು ಉಂಡುಕೊಂಡು, ತಾಯಿಯು ಬಿಟ್ಟುಹೋದ ಅಪ್ಪಣೆಗಳ ಪ್ರಕಾರ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಹೋಗುತ್ತದೆ. ಸ್ವಲ್ಪ ಮಟ್ಟಿನ ದುರಸ್ತಿಯ ಸಾಮಗ್ರಿಯೂ ಆ ಬುತ್ತಿಯಲ್ಲಿ ಇರುತ್ತದೆ. ಆದರೆ ಹಾನಿ ಕಂಡಾಗ ನಿಲ್ಲತಕ್ಕ ಶಕ್ತಿಯು ಬಹಳ ದುರ್ಬಲವಾಗಿರುತ್ತದೆ.

ಕಪ್ಪೆಯ ಅಂಡದಲ್ಲಿ ಇದು ಸ್ಪಷ್ಟವಾಗಿ ಕಂಡುಬಂದಿದೆ. ಆಫ್ರಿಕದ ಒಂದು ಜಾತಿಯ ಕಪ್ಪೆಯ ಅಂಡವು ಸುಮಾರು ಅರ್ಧ ಗಂಟೆಗೊಂದು ಸಲದಂತೆ ಒಡೆಯುತ್ತ, ಹನ್ನೆರಡು ಸಲ ಒಡೆದು ಸುಮಾರು ನಾಲ್ಕು ಸಾವಿರ ಕೋಶಗಳಾಗುತ್ತದೆ. ಈ ಅವಧಿಯಲ್ಲಿ ಅದರ ಮೇಲೆ ವಿಕಿರಣವನ್ನು ಬಿಟ್ಟು ಡಿ.ಎನ್.ಎ. ಎಳೆಗಳನ್ನು ಮುರಿದರೂ ಅದು ನಿಲ್ಲುವುದಿಲ್ಲ. ಏನೂ ಆಗದಂತೆ ಒಡೆಯುತ್ತಲೇ ಹೋಗುತ್ತದೆ. ನೋಡುವವರಿಗೆ ಆರೋಗ್ಯವಾಗಿಯೇ ಕಾಣುತ್ತದೆ. ಹನ್ನೆರಡು ಸಲದ ಒಡೆತ ಮುಗಿದು ಸ್ವಂತ ಪುಸ್ತಕವನ್ನು ತೆರೆಯುವ ಹೊತ್ತು ದಾಟಿ, ಅಂಗಗಳ ಪದರಗಳು ಮೂಡುವುದಕ್ಕೆ ಆರಂಭವಾದಾಗ ಕೋಶಗಳು ಒಟ್ಟಿಗೆ ಸಾಯುತ್ತವೆ. ಹಣ್ಣಿನ ನೊಣದ ಮೊಟ್ಟೆಯಲ್ಲಿ ಬೇರೊಂದು ಉಪಾಯವಿದೆ. ಅದರಲ್ಲಿ ಕೋಶದ ಗೋಡೆಗಳು ಕಟ್ಟುವುದಕ್ಕೆ ಮುಂಚೆ ನೂರಾರು ಬೀಜಕೇಂದ್ರಗಳು ಮೊಟ್ಟೆಯ ಮೇಲುಭಾಗದಲ್ಲಿ ಸಾಲಾಗಿ ಕುಳಿತಿರುತ್ತವೆ. ಡಿ.ಎನ್.ಎ. ಕೆಟ್ಟ ಕೇಂದ್ರವು ಸಾಲಿನಿಂದ ಒಳಕ್ಕೆ ಜಾರಿಬಿದ್ದು ಮುಂದಿನ ಮರಿಯ ದೇಹದಲ್ಲಿ ಸೇರದೆ ಹೋಗುತ್ತದೆ. ಜೊಳ್ಳು ಬಿತ್ತನೆ ಕಾಳನ್ನು ಮೊರದಲ್ಲಿ ಕೇರಿ ಹೊರಹಾಕಿದಂತೆಯೇ ಇದು.

ಕಪ್ಪೆ ನೊಣಗಳ ವಿಚಾರದಿಂದ ರೈತನಿಗೆ ಆಗಬೇಕಾದುದೇನು ಎಂದು ಕೆಲವರು ಕೇಳಬಹುದು. ದನದಲ್ಲಿಯೂ ಸಂಗತಿಯು ಇದೇ ಜಾಡಿನಲ್ಲಿದೆ. ಹಸುವಿನ ಭ್ರೂಣವೂ ಕುರಿಯ ಭ್ರೂಣವೂ ತಮ್ಮ ಸ್ವಂತ ಪುಸ್ತಕವನ್ನು ಪೂರ್ಣವಾಗಿ ತೆರೆಯುವುದು 8ರಿಂದ 16 ಕೋಶಗಳಾದಾಗ, ಎಂದರೆ ಗರ್ಭ ಕಟ್ಟಿದ ಮೂರನೆಯ ಅಥವಾ ನಾಲ್ಕನೆಯ ದಿವಸದ ಸುಮಾರಿನಲ್ಲಿ. ನೆದರ್‌ಲ್ಯಾಂಡ್ಸ್ ದೇಶದ ಯೂಟ್ರೆಕ್ಟ್ ನಗರದ ವಿದ್ವಾಂಸರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಹೋರಿಯ ವೀರ್ಯಕ್ಕೆ ಕ್ಷಕಿರಣಾದಿಗಳನ್ನು ಹಾಯಿಸಿ ಅದರ ಡಿ.ಎನ್.ಎ.ಯನ್ನು ಬುದ್ಧಿಪೂರ್ವಕವಾಗಿ ಕೆಡಿಸಿ, ಅನಂತರ ಅಂಡಗಳೊಡನೆ ಕೂಡಿಸಿದರು. ಕೆಟ್ಟ ವೀರ್ಯವಾದರೂ ಅಂಡವನ್ನು ಫಲಿಸಿತು. ಮೊದಲನೆಯ ಒಡೆತವೂ ಸರಿಯಾಗಿಯೇ ನಡೆಯಿತು. ಆದರೆ ಮುಂದಿನ ಕೆಲವು ಒಡೆತಗಳಾದ ಮೇಲೆ ಕೋಶಗಳು ಸತ್ತು ಭ್ರೂಣವು ನಿಂತುಹೋಯಿತು. ತಂದೆಯ ಕಡೆಯಿಂದ ಬಂದ ಹಾನಿಯು ಮೊದಲ ದಿವಸ ಕಾಣಲಿಲ್ಲ, ನಾಲ್ಕೈದು ದಿವಸಗಳ ಮೇಲೆ ಕಂಡಿತು. ಅಷ್ಟು ಹೊತ್ತಿಗೆ ಹೋರಿಯನ್ನು ಯಾರೂ ಅನುಮಾನಿಸುವುದಿಲ್ಲ; ದೂರು ಹಸುವಿನ ಮೇಲೆ ಬೀಳುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಹಾನಿಗೊಂಡ ಭ್ರೂಣವು ಸಾಯುವುದು ಪ್ರಕೃತಿಯ ದೋಷವಲ್ಲ, ಪ್ರಕೃತಿಯ ವಿವೇಕ. ಇಲಿಯ ಭ್ರೂಣಗಳಲ್ಲಿ ಅಂಗಗಳು ರೂಪುಗೊಳ್ಳತೊಡಗುವ ಹೊತ್ತಿಗೆ ಸರಿಯಾಗಿ ಕೋಶಗಳು ಡಿ.ಎನ್.ಎ. ಹಾನಿಯ ವಿಷಯದಲ್ಲಿ ಅತ್ಯಂತ ಕಟ್ಟುನಿಟ್ಟಾಗುತ್ತವೆ. ಸ್ವಲ್ಪ ಪೆಟ್ಟು ಬಿದ್ದರೂ ದುರಸ್ತಿಗೆ ಕಾಯದೆ ಪ್ರಾಣ ಬಿಡುತ್ತವೆ. ಒಳ್ಳೆಯ ಕೋಶಗಳೂ ಕೆಟ್ಟ ಕೋಶಗಳೂ ಬೆರೆತ ಇಲಿಯ ಭ್ರೂಣದಲ್ಲಿ ಕೆಟ್ಟವುಗಳು ಸತ್ತು ಒಳ್ಳೆಯವುಗಳೇ ಮರಿಯ ದೇಹವನ್ನು ಕಟ್ಟುತ್ತವೆಂಬುದು 2016ರಲ್ಲಿ ಪ್ರಕಟವಾಯಿತು. ಕೆಟ್ಟ ನಕಲಿನಿಂದ ಕುರುಡು ಕರುವೋ ಕಾಲಿಲ್ಲದ ಮರಿಯೋ ಹುಟ್ಟಿ, ತಾಯಿಯು ತಿಂಗಳುಗಟ್ಟಲೆ ಅದನ್ನು ಹೊತ್ತು ಬಳಲುವುದಕ್ಕಿಂತ, ಮೊದಲ ವಾರದಲ್ಲಿಯೇ ಅದು ಕರಗಿ, ತಾಯಿಯು ತಿರುಗಿ ಬೆದೆಗೆ ಬರುವುದು ಮೇಲಲ್ಲವೇ?

ಇದರಿಂದ ಹೊರಡುವ ಅಭಿಪ್ರಾಯವು ಸ್ಪಷ್ಟವಾಗಿದೆ. ‘ಗಬ್ಬ ನಿಲ್ಲಿಸುವ’ ಔಷಧಿ, ಚುಚ್ಚುಮದ್ದು, ಕಷಾಯ, ಯಂತ್ರ ತಾಯಿತಗಳಿಗೆ ಹಣ ಸುರಿಯುವುದರಲ್ಲಿ ಅರ್ಥವು ಕಡಮೆ. ತಾಯಿಯ ಶರೀರದಲ್ಲಿ ನಿಜವಾದ ರಸದೋಷವಿದ್ದರೆ ಪಶುವೈದ್ಯರು ಪರೀಕ್ಷಿಸಿ ಕೊಡುವ ಚಿಕಿತ್ಸೆಯ ಮಾತು ಬೇರೆ. ಆದರೆ ಮುರಿದ ಎಳೆಯನ್ನು ಯಾವ ಚುಚ್ಚುಮದ್ದೂ ಜೋಡಿಸಲಾರದು. ಸಾಯತಕ್ಕ ಭ್ರೂಣವನ್ನು ಹಿಡಿದು ನಿಲ್ಲಿಸುವ ಪ್ರಯತ್ನಕ್ಕಿಂತ, ಪೆಟ್ಟು ಬೀಳದಂತೆ ಮುಂಚಿತವಾಗಿ ನೋಡಿಕೊಳ್ಳುವುದೇ ಬುದ್ಧಿವಂತಿಕೆ. ಪೆಟ್ಟು ಬೀಳುವ ದಾರಿಗಳು ಈ ಸೀಮೆಯಲ್ಲಿ ಮುಖ್ಯವಾಗಿ ನಾಲ್ಕು ಇರುವುವು.

ಮೊದಲನೆಯದು ಟಗರು ಹೋರಿಗಳಿಗೆ ತಗಲುವ ಬೇಗೆ. ಟಗರಿನ ವೃಷಣಗಳು ದೇಹಕ್ಕಿಂತ ನಾಲ್ಕಾರು ಡಿಗ್ರಿ ತಂಪಾಗಿರಬೇಕೆಂದೇ ಪ್ರಕೃತಿಯು ಅವುಗಳನ್ನು ಹೊರಗೆ ತೂಗಬಿಟ್ಟಿದೆ. ವೀರ್ಯಾಣುವು ಆರಂಭದಿಂದ ಸಿದ್ಧವಾಗುವುದಕ್ಕೆ ಟಗರಿನಲ್ಲಿ ಸುಮಾರು ಏಳು ವಾರ, ಅದು ಪಕ್ವವಾಗಿ ಹೊರಬರುವುದಕ್ಕೆ ಮತ್ತೆ ಒಂದೆರಡು ವಾರ, ಒಟ್ಟಿನಲ್ಲಿ ಎರಡು ತಿಂಗಳು ಹಿಡಿಯುತ್ತದೆ. ಪೂರ್ತಿಯಾಗಿ ಸಿದ್ಧವಾದ ವೀರ್ಯಾಣುವಿಗೆ ತನ್ನ ಡಿ.ಎನ್.ಎ.ಯನ್ನು ದುರಸ್ತು ಮಾಡಿಕೊಳ್ಳುವ ಶಕ್ತಿಯಿಲ್ಲ. ತನ್ನ ಹರಕು ಪುಸ್ತಕವನ್ನು ಹಾಗೆಯೇ ತಂದು ಅಂಡದ ಕೈಗೆ ಒಪ್ಪಿಸುತ್ತದೆ. ಆಸ್ಟ್ರೇಲಿಯದಲ್ಲಿ ಟಗರುಗಳ ವೃಷಣಗಳಿಗೆ ಚೀಲ ಕಟ್ಟಿ ಸುಮಾರು ಎರಡು ಡಿಗ್ರಿಯಷ್ಟು ಮಾತ್ರ ಬಿಸಿ ಹೆಚ್ಚಿಸಿ ನೋಡಿದಾಗ, ಅವುಗಳ ವೀರ್ಯದಿಂದ ಫಲಿತವಾದ ಭ್ರೂಣಗಳು ಹೆಚ್ಚಾಗಿ ಸತ್ತುವೆಂದು 1992ರಲ್ಲಿ ವರದಿಯಾಯಿತು. ಚೈತ್ರ ವೈಶಾಖಗಳಲ್ಲಿ ಈ ಸೀಮೆಯ ಶಾಖವು 35 ಡಿಗ್ರಿ ಮೀರುವುದು ಸಾಮಾನ್ಯ. ಮುಂಗಾರಿನ ಹಸುರು ಮೇದ ಮೇಲೆ ಕುರಿಗಳು ಹೆಚ್ಚಾಗಿ ಬೆದೆಗೆ ಬರುತ್ತವೆ. ಆಗ ಅವುಗಳಿಗೆ ದೊರೆಯುವುದು ಬೇಸಿಗೆಯ ಉರಿಯಲ್ಲಿ ಸಿದ್ಧವಾದ ವೀರ್ಯ! ಆಷಾಢದಲ್ಲಿ ಕುರಿಯು ತಿರುಗಿ ಬೆದೆಗೆ ಬಂದುದಕ್ಕೆ ಕಾರಣವು ವೈಶಾಖದಲ್ಲಿ ಟಗರನ್ನು ನಡುಹಗಲು ಬಯಲಿನಲ್ಲಿ ಬಿಟ್ಟದ್ದೇ ಆಗಿರಬಹುದು. ಎರಡು ತಿಂಗಳ ಅಂತರವಿರುವುದರಿಂದ ಒಂದಕ್ಕೊಂದು ಸಂಬಂಧವಿದೆಯೆಂದು ಯಾರಿಗೂ ಹೊಳೆಯುವುದಿಲ್ಲ.

ಆದಕಾರಣ ಶಿವರಾತ್ರಿಯಿಂದ ಮೊದಲುಗೊಂಡು ಟಗರುಗಳನ್ನು ಬೆಳಗಿನ ತಂಪಿನಲ್ಲಿಯೂ ಸಂಜೆಯಲ್ಲಿಯೂ ಮಾತ್ರ ಮೇಯಿಸಿ, ಹತ್ತು ಗಂಟೆಯಿಂದ ನಾಲ್ಕು ಗಂಟೆಯವರೆಗೆ ಹೊಂಗೆ, ಬೇವು, ಹುಣಿಸೆಯ ನೆರಳಿನಲ್ಲಿ ನೀರಿನ ತೊಟ್ಟಿಯ ಬಳಿ ನಿಲ್ಲಿಸತಕ್ಕದ್ದು. ಜ್ವರವೂ ಬಿಸಿಲಿನಷ್ಟೇ ಕೆಟ್ಟದ್ದು. ನೀಲಿ ನಾಲಿಗೆ ರೋಗವಾಗಲಿ ಕಾಲುಬಾಯಿ ಜ್ವರವಾಗಲಿ ಬಂದು ಹೋದ ಟಗರು ಹೋರಿಗಳನ್ನು, ಅವು ಚೇತರಿಸಿಕೊಂಡಂತೆ ಕಂಡರೂ, ಎರಡು ತಿಂಗಳವರೆಗೆ ಹಿಂಡಿನಿಂದ ದೂರವಿಡುವುದು ಕ್ಷೇಮ.

ಎರಡನೆಯದು, ಗರ್ಭ ಕಟ್ಟಿದ ಮೊದಲ ಎರಡು ಮೂರು ದಿವಸಗಳಲ್ಲಿ ತಾಯಿಗೆ ತಗಲುವ ಬೇಗೆ. ಅಮೆರಿಕದ ಕೆಂಟಕಿಯಲ್ಲಿ ಡಟ್ ಎಂಬವರು ಕುರಿಗಳನ್ನು ಬೇರೆ ಬೇರೆ ದಿವಸಗಳಲ್ಲಿ 32 ಡಿಗ್ರಿ ಶಾಖದ ಕೋಣೆಯಲ್ಲಿಟ್ಟು ನೋಡಿ 1963ರಲ್ಲಿ ಪ್ರಕಟಿಸಿದ ವರದಿಯಿಂದ, ಟಗರು ಹಾರಿದ ಹೊತ್ತಿನಲ್ಲಿಯೂ ಅದರ ಮಾರನೆಯ ದಿವಸದಲ್ಲಿಯೂ ತಗಲಿದ ಶಾಖವೇ ಎಲ್ಲಕ್ಕಿಂತ ಹೆಚ್ಚು ನಷ್ಟವನ್ನುಂಟುಮಾಡುತ್ತದೆಂದು ತಿಳಿದುಬಂತು. 1993ರಲ್ಲಿ ಫ್ಲಾರಿಡದಲ್ಲಿ ಹಾಲಿನ ಹಸುಗಳ ಮೇಲೆ ನಡೆದ ಪ್ರಯೋಗವೂ ಇದನ್ನೇ ಹೇಳುತ್ತದೆ. ಮೊದಲನೆಯ ದಿವಸದ ಬೇಗೆಯಿಂದ ಭ್ರೂಣಗಳು ಹಾಳಾದುವು; ಮೂರನೆಯ, ಐದನೆಯ, ಏಳನೆಯ ದಿವಸಗಳ ಬೇಗೆಯಿಂದ ಹಾಗಾಗಲಿಲ್ಲ. ಕಾರಣವು ಮೇಲೆ ಹೇಳಿದ್ದೇ. ಶಾಖದಿಂದ ಕೋಶದೊಳಗೆ ಆಮ್ಲಜನಕದ ಉಗ್ರರೂಪಗಳು ಹುಟ್ಟಿ ಡಿ.ಎನ್.ಎ. ಎಳೆಗಳನ್ನು ಕಡಿಯುತ್ತವೆ. ಎರಡು ಕೋಶದ ಭ್ರೂಣಕ್ಕೆ ಅದನ್ನು ತಡೆಯುವ ಶಕ್ತಿಯೂ ಇಲ್ಲ, ಕೆಟ್ಟ ಕೋಶವೊಂದನ್ನೇ ತೆಗೆದುಹಾಕಿ ಮಿಕ್ಕವುಗಳನ್ನು ಉಳಿಸಿಕೊಳ್ಳುವ ಶಕ್ತಿಯೂ ಇಲ್ಲ. ನಾಲ್ಕು ದಿವಸ ಕಳೆದು ಕೋಶಗಳು ಹೆಚ್ಚಾದ ಮೇಲೆ ಈ ಎರಡು ಶಕ್ತಿಗಳೂ ಕ್ರಮೇಣ ಬರುತ್ತವೆ.

ಹೀಗಿರುವಾಗ ಹಳ್ಳಿಗಳಲ್ಲಿ ನಡೆಯುವುದೇನು? ಬೆದೆಗೆ ಬಂದ ಹಸುವನ್ನು ನಡುಹಗಲಿನಲ್ಲಿ ಎರಡು ಮೂರು ಮೈಲಿ ನಡೆಸಿಕೊಂಡು ಹೋಗಿ, ಕಟ್ಟಿಸಿ, ಅದೇ ಬಿಸಿಲಿನಲ್ಲಿ ಓಡಿಸಿಕೊಂಡು ಬಂದು, ಮಾರನೆಯ ದಿವಸ ಎಂದಿನಂತೆ ಗೋಮಾಳಕ್ಕೆ ಹೊಡೆಯುವುದುಂಟು. ವರ್ಷದ 365 ದಿವಸಗಳಲ್ಲಿ ಹಸುವಿಗೆ ಅತ್ಯಂತ ನೆರಳು ಬೇಕಾದ ಮೂರು ದಿವಸಗಳೇ ಅವು. ಕಟ್ಟಿಸುವ ಕೆಲಸವನ್ನು ತಂಪು ಹೊತ್ತಿನಲ್ಲಿ ಮಾಡಿಸಿ, ಮೂರು ದಿವಸ ಕೊಟ್ಟಿಗೆಯ ನೆರಳಿನಲ್ಲಿ ಮೇವು ನೀರು ಕೊಟ್ಟು ನಿಲ್ಲಿಸಿಕೊಂಡರೆ ಒಡೆಯನಿಗೆ ಆಗುವ ಖರ್ಚು ಒಂದು ಹೊರೆ ಹುಲ್ಲು. ಉಳಿಯುವುದು ಒಂದು ಕರು.

ಮೂರನೆಯದು, ಹೊತ್ತು ಮೀರಿದ ಅಂಡ. ಹಸುವಿನ ಅಂಡವು ಬಿಡುಗಡೆಯಾದ ಮೇಲೆ ಕೆಲವೇ ಗಂಟೆಗಳ ಕಾಲ ಚೆನ್ನಾಗಿರುತ್ತದೆ. ಕಾದು ಹಳಸಿದ ಅಂಡದಲ್ಲಿ ತಾಯಿಯ ಬುತ್ತಿಯೂ ಹಳಸಿ, ವೀರ್ಯಾಣುವು ತಂದ ಹರಕನ್ನು ಹೊಲಿಯುವ ಶಕ್ತಿಯು ಕುಗ್ಗುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಅಂದಿನ ಸಂಜೆಯೂ, ಸಂಜೆ ಕಂಡರೆ ಮಾರನೆಯ ಬೆಳಿಗ್ಗೆಯೂ ಗರ್ಭಧಾರಣೆ ಮಾಡಿಸತಕ್ಕದ್ದೆಂಬ ನಿಯಮವು 1940ರ ದಶಕದಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಟ್ರಿಂಬರ್ಗರ್ ಎಂಬವರು ಮಾಡಿದ ಕೆಲಸದಿಂದ ಸ್ಥಿರಪಟ್ಟಿತು. ಭಾರತದಲ್ಲಿ ಕೃತಕ ಗರ್ಭಧಾರಣೆಯು ಮೊಟ್ಟಮೊದಲು ಸಫಲವಾದದ್ದು 1939ರಲ್ಲಿ, ಮೈಸೂರಿನ ಅರಮನೆಯ ಡೈರಿ ಫಾರಂನಲ್ಲಿ, ಡಾಕ್ಟರ್ ಸಂಪತ್ ಕುಮಾರನ್ ಅವರ ಕೈಯಲ್ಲಿ ಎಂಬುದು ಕನ್ನಡ ನಾಡಿಗೆ ಹೆಮ್ಮೆಯ ವಿಷಯ. ಅಂಥ ನಾಡಿನಲ್ಲಿ ಬೆದೆಯ ಹೊತ್ತನ್ನು ಗುರುತಿಸದೆ, ಎರಡು ದಿವಸ ತಡೆದು, ‘ಹೇಗೂ ಆಗುತ್ತದೆ’ ಎಂದು ಹೋಗುವ ಅಭ್ಯಾಸವು ಶೋಭಿಸುವುದಿಲ್ಲ.

ನಾಲ್ಕನೆಯದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯೂ ಹೊಟ್ಟೂ. ಕಡಲೆಕಾಯಿ ಬೆಳೆಯುವ ಈ ಸೀಮೆಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸೀಮೆಕೋಳಿಗಳು ಒಮ್ಮೆಲೇ ಸತ್ತಾಗ, ಅವುಗಳಿಗೆ ಹಾಕಿದ್ದ ಬ್ರೆಜಿಲ್ ದೇಶದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟಿನ ವಿಷವಿದ್ದುದು ಪತ್ತೆಯಾಯಿತು. ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಇದು ಪಿತ್ತಜನಕಾಂಗದಲ್ಲಿ ರೂಪಾಂತರ ಹೊಂದಿ ಡಿ.ಎನ್.ಎ. ಎಳೆಗೇ ಅಂಟಿಕೊಂಡು ಅದರ ಬರಹವನ್ನು ಕೆಡಿಸುತ್ತದೆ. ಪ್ರಯೋಗಶಾಲೆಯಲ್ಲಿ ಹಂದಿಯ ಭ್ರೂಣಗಳನ್ನು ಈ ವಿಷದ ಸಂಪರ್ಕದಲ್ಲಿ ಬೆಳೆಯಿಸಿದಾಗ ಡಿ.ಎನ್.ಎ. ಎಳೆಗಳು ಮುರಿದು ಭ್ರೂಣಗಳ ಬೆಳವಣಿಗೆಯು ಕುಂಠಿತವಾದುದು ಕಂಡುಬಂದಿದೆ. ತಿಂದ ಹಸುವಿನ ಹಾಲಿಗೂ ಇದು ಇಳಿದು ಮನೆಯ ಮಕ್ಕಳ ಬಟ್ಟಲಿಗೆ ಬರುತ್ತದೆ. ಕುದಿಸುವುದರಿಂದ ಹೋಗುವುದಿಲ್ಲ. ಹೀಗಿದ್ದರೂ, ಎಣ್ಣೆಗೂ ಬಾರದ, ಮಾರಾಟಕ್ಕೂ ಬಾರದ ಬೂಷ್ಟು ಕಾಯನ್ನು ‘ದನಕ್ಕಾದರೂ ಆಗಲಿ’ ಎಂದು ಎತ್ತಿಡುವ ಮನೆಗಳು ಕಡಮೆಯಿಲ್ಲ. ಕಾಯನ್ನು ಕಿತ್ತ ಮೇಲೆ ತೇವಾಂಶವು ನೂರಕ್ಕೆ 8ಕ್ಕಿಂತ ಕೆಳಗೆ ಇಳಿಯುವವರೆಗೆ, ಎಂದರೆ ಅಲ್ಲಾಡಿಸಿದಾಗ ಬೀಜವು ಸಿಪ್ಪೆಯೊಳಗೆ ಗಲಗಲನೆ ಸದ್ದು ಮಾಡುವಷ್ಟು ಒಣಗಿಸಿ, ನೆಲದ ತೇವ ತಗಲದಂತೆ ಹಲಗೆಯ ಮೇಲಿಡತಕ್ಕದ್ದು. ಬೂಷ್ಟು ಕಂಡ ಹಿಂಡಿಯನ್ನು ಯಾವ ಪ್ರಾಣಿಗೂ ಹಾಕಕೂಡದು.

ಈ ಮಾತುಗಳಿಗೆ ಕೆಲವು ಆಕ್ಷೇಪಣೆಗಳು ಬರುವುದು ಸಹಜ. ಹಿಂದಿನವರ ದನಗಳು ಇಂಥ ಉಪಚಾರಗಳೊಂದೂ ಇಲ್ಲದೆ ವರ್ಷ ವರ್ಷವೂ ಈಯುತ್ತಿರಲಿಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಆ ದನಗಳು ಅಮೃತಮಹಲ್, ಹಳ್ಳಿಕಾರ್ ಜಾತಿಯವು. ಈ ಕಾವಲುಗಳ ಬಿಸಿಲಿಗೆ ತಲೆಮಾರುಗಳಿಂದ ಒಗ್ಗಿದ ರಕ್ತ ಅವುಗಳದು. ಭುಜದ ಮೇಲೆ ಇಣಿ ಇರುವ ದನಗಳ ಭ್ರೂಣಗಳು ಯುರೋಪಿನ ಜಾತಿಗಳ ಭ್ರೂಣಗಳಿಗಿಂತ ಶಾಖವನ್ನು ಹೆಚ್ಚಾಗಿ ತಾಳುತ್ತವೆಂಬುದು ಪ್ರಯೋಗಗಳಿಂದ ಸಿದ್ಧವಾಗಿದೆ. ಹಾಲಿನ ಆಸೆಯಿಂದ ಸೀಮೆಹಸುವಿನ ಮಿಶ್ರತಳಿಯನ್ನು ಕಟ್ಟಿಕೊಂಡ ಮೇಲೆ ಅದಕ್ಕೆ ತಕ್ಕ ನೆರಳನ್ನು ಒದಗಿಸುವುದೂ ಒಡೆಯನ ಮೇಲೆ ಬಿದ್ದ ಕರ್ತವ್ಯವೇ. ಹಾಲು ಮಾತ್ರ ಹೊಸ ಜಾತಿಯದು ಬೇಕು, ಉಪಚಾರವು ಹಳೆಯ ಜಾತಿಯದೇ ಸಾಕು ಎಂದರೆ ನಡೆಯುವುದಿಲ್ಲ.

ಬಡರೈತನಿಗೆ ಇದೆಲ್ಲ ಕೈಗೆಟುಕುವ ಮಾತೇ ಎಂಬುದು ಎರಡನೆಯ ಆಕ್ಷೇಪಣೆ. ತೆಂಗಿನ ಗರಿಯ ಚಪ್ಪರಕ್ಕೂ, ಹೊಂಗೆಯ ಮರದ ಬುಡದಲ್ಲಿ ಒಂದು ಗೂಟಕ್ಕೂ ಬೆಲೆಯಿಲ್ಲ. ಬೆಲೆಯಿರುವುದು ಅಜಾಗ್ರತೆಗೆ. ಇನ್ನು ಕೆಲವರು, ತಿರುಗಿ ಬೆದೆಗೆ ಬಂದ ಹಸುಗಳೆಲ್ಲವೂ ಈ ಕಾರಣದಿಂದಲೇ ಬಂದುವೇ ಎಂದು ಕೇಳಬಹುದು. ಹಾಗೇನೂ ಇಲ್ಲ. ಮೇವಿನ ಕೊರತೆ, ಗರ್ಭಕೋಶದ ಸೋಂಕು, ಬೆದೆಯನ್ನು ತಪ್ಪಾಗಿ ಗುರುತಿಸುವುದು ಇವೂ ಕಾರಣಗಳೇ ಆಗಿವೆ. ಅದಕ್ಕಾಗಿಯೇ ಮೂರು ಸಲ ತಿರುಗಿ ಬೆದೆಗೆ ಬಂದ ಹಸುವನ್ನು ಮಾರುವುದಕ್ಕೆ ಮುಂಚೆ ಪಶುವೈದ್ಯರಿಂದ ಪರೀಕ್ಷೆ ಮಾಡಿಸತಕ್ಕದ್ದು. ಗೊಡ್ಡು ಎಂಬ ತೀರ್ಪು ಪರೀಕ್ಷೆಯ ಅನಂತರ ಬರತಕ್ಕದ್ದೇ ಹೊರತು, ನೆರೆಹೊರೆಯವರ ಬಾಯಿಂದ ಬರತಕ್ಕದ್ದಲ್ಲ.

ಈ ವಿಷಯದಲ್ಲಿ ಗ್ರಾಮದ ಮುಖಂಡರ ಹೊಣೆಯು ದೊಡ್ಡದು. ಒಬ್ಬೊಬ್ಬ ರೈತನು ತನ್ನ ಒಂದೆರಡು ಹಸುಗಳನ್ನು ನೋಡಿ ಕಾರಣವನ್ನು ಊಹಿಸಲಾರನು. ಊರಿನ ಲೆಕ್ಕವನ್ನು ಒಟ್ಟಿಗೆ ನೋಡಿದರೆ ಮಾತ್ರ ಸತ್ಯವು ಕಾಣುತ್ತದೆ. ಪ್ರತಿ ಗ್ರಾಮದಲ್ಲಿಯೂ ಒಂದು ಪುಸ್ತಕವನ್ನಿಟ್ಟು, ಯಾವ ಹಸು ಅಥವಾ ಯಾವ ಹಿಂಡು ಯಾವ ತಾರೀಖಿನಲ್ಲಿ ಬೆದೆಗೆ ಬಂತು, ಯಾವ ಹೊತ್ತಿನಲ್ಲಿ ಕಟ್ಟಿಸಲಾಯಿತು, ಯಾವ ಹೋರಿ ಅಥವಾ ಟಗರು, ಅಂದಿನ ಬಿಸಿಲು ಹೇಗಿತ್ತು, ತಿರುಗಿ ಬೆದೆಗೆ ಬಂತೇ ಇಲ್ಲವೇ ಎಂಬುದನ್ನು ಬರೆಯಿಸುತ್ತ ಹೋಗಲಿ. ಎರಡು ವರ್ಷದ ಲೆಕ್ಕ ಕೂಡಿದ ಮೇಲೆ, ತಿರುಗಿ ಬರುವ ಬೆದೆಗಳು ಬೇಸಿಗೆಯ ಹಿಂದೆಯೇ ಗುಂಪಾಗಿ ಬಂದಿವೆಯೇ, ಒಂದೇ ಟಗರಿನ ಹಿಂಡಿನಲ್ಲಿ ಹೆಚ್ಚಾಗಿವೆಯೇ, ಒಂದೇ ಮನೆಯ ಹಿಂಡಿಯನ್ನು ತಿಂದ ದನಗಳಲ್ಲಿ ಹೆಚ್ಚಾಗಿವೆಯೇ ಎಂಬುದು ಅಕ್ಷರ ಬಲ್ಲವರೆಲ್ಲರಿಗೂ ಕಾಣುತ್ತದೆ. ಆಗ ಪಶುವೈದ್ಯರಿಗೂ ಚಿಕಿತ್ಸೆಯ ದಾರಿಯು ಸುಲಭವಾಗುತ್ತದೆ.

ಇದರ ಜೊತೆಗೆ ಗೋಮಾಳಗಳಲ್ಲಿ ನೆರಳಿನ ಮರಗಳನ್ನು ಉಳಿಸುವುದೂ, ಇಲ್ಲದ ಕಡೆ ಗ್ರಾಮ ಪಂಚಾಯಿತಿಯ ಮುಖಾಂತರ ನೆಡಿಸುವುದೂ, ನೀರಿನ ತೊಟ್ಟಿಗಳನ್ನು ಬೇಸಿಗೆಗೆ ಮುಂಚೆ ದುರಸ್ತಿ ಮಾಡಿಸುವುದೂ ಮುಖಂಡರಿಂದ ಆಗಬೇಕಾದ ಕೆಲಸಗಳು. ಭೂಮಾಲೀಕರು ತಮ್ಮ ತೋಪು ತೋಟಗಳ ಅಂಚಿನಲ್ಲಿ ನಡುಹಗಲಿನ ಹೊತ್ತು ಊರಿನ ಟಗರುಗಳಿಗೂ, ಹೊಸದಾಗಿ ಕಟ್ಟಿಸಿದ ಹಸುಗಳಿಗೂ ತಂಗಲು ಸ್ಥಳ ಕೊಟ್ಟರೆ ಅವರ ತೋಟಕ್ಕೆ ಗೊಬ್ಬರವೂ ದೊರೆಯುವುದು, ಊರಿಗೆ ಉಪಕಾರವೂ ಆಗುವುದು. ಕುರಿ ಕಾಯುವ ಹಟ್ಟಿಗಳ ಜನರಿಗೆ ನೆರಳಿನ ಹಕ್ಕನ್ನು ನಿರಾಕರಿಸಿ, ಸಂತೆಯಲ್ಲಿ ಮರಿಗಳಿಲ್ಲವೆಂದು ಗೊಣಗುವುದು ನ್ಯಾಯವಲ್ಲ.

ಬಿತ್ತನೆಯ ಕಾಳನ್ನು ಆರಿಸುವಾಗಲೂ ಮೊಳಕೆಯೊಡೆಯುವ ಮೊದಲ ವಾರದಲ್ಲಿಯೂ ಒಕ್ಕಲಿಗನು ತೋರುವ ಎಚ್ಚರಿಕೆಯು ಲೋಕಪ್ರಸಿದ್ಧವಾದದ್ದು. ಕಾಳು ಹುಳಿತರೆ ಮಣ್ಣನ್ನು ಬೈಯುವವನು ಒಕ್ಕಲಿಗನಲ್ಲ. ಕೊಟ್ಟಿಗೆಯ ಬಿತ್ತನೆಗೂ ಅದೇ ಎಚ್ಚರಿಕೆಯನ್ನು ವಿಸ್ತರಿಸಬೇಕಾಗಿದೆ. ಬಿತ್ತುವುದಕ್ಕೆ ಮುಂಚಿನ ಎರಡು ತಿಂಗಳು ಟಗರಿಗೆ ತಂಪು, ಬಿತ್ತಿದ ಮೂರು ದಿವಸ ತಾಯಿಗೆ ನೆರಳು, ವರ್ಷವಿಡೀ ಬೂಷ್ಟಿಲ್ಲದ ಮೇವು, ಹೊತ್ತಿಗೆ ಸರಿಯಾದ ಕಟ್ಟು, ಇವಿಷ್ಟನ್ನು ಒದಗಿಸಿದ ಮೇಲೂ ಕೆಲವು ಗಬ್ಬಗಳು ಕರಗುವುವು. ಅವು ಕರಗತಕ್ಕವುಗಳೇ ಎಂದು ತಿಳಿದು, ಮುಂದಿನ ಬೆದೆಯವರೆಗೆ ತಾಳ್ಮೆಯಿಂದ ಕಾಯತಕ್ಕದ್ದು. ಬರುವ ಬೇಸಿಗೆಗೆ ಮುಂಚಿತವಾಗಿಯೇ ಪ್ರತಿ ಗ್ರಾಮದ ಮುಖಂಡರೂ ತಮ್ಮ ಊರಿನ ಟಗರು ಹೋರಿಗಳನ್ನು ಎಣಿಸಿ, ಅವುಗಳಿಗೆ ನೆರಳೂ ನೀರೂ ಎಲ್ಲಿ ಎಂಬುದನ್ನು ನಿಶ್ಚಯಿಸಿಕೊಳ್ಳುವುದು ಉಚಿತವಾಗಿದೆ.